ಎಣ್ಣೆಯ ಪೊರೆಯೊಳಗಿನ ಕತ್ತರಿ

ಅಡಿಗೆಮನೆಯ ಮೂಲೆಯಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನು ನಾಲ್ಕು ದಿನ ಮರೆತುಬಿಟ್ಟರೆ ಸಾಕು; ಎಲ್ಲಿಂದಲೋ ಬಂದ ಸಣ್ಣ ನೊಣಗಳ ಹಿಂಡೊಂದು ಅದರ ಸುತ್ತ ಹಾರಾಡತೊಡಗುವುದು. ಎಳ್ಳುಕಾಳಿನಷ್ಟು ಗಾತ್ರದ ಈ ಹಣ್ಣುನೊಣವನ್ನು ಕೈಬೀಸಿ ಓಡಿಸುವಾಗ ಅದರ ಕಣ್ಣನ್ನು ಯಾರೂ ಗಮನಿಸುವುದಿಲ್ಲ. ಒಂದು ಒಳ್ಳೆಯ ಭೂತಕನ್ನಡಿಯನ್ನು ಹಿಡಿದು ನೋಡಿದರೆ, ಆ ಕೆಂಪು ಕಣ್ಣು ಒಂದೇ ಮಸೂರದ ಕಣ್ಣಲ್ಲವೆಂದೂ, ಜೇನುಹಲ್ಲೆಯ ಗೂಡುಗಳಂತೆ ಒಪ್ಪವಾಗಿ ಜೋಡಿಸಿದ ನೂರಾರು ಕಿರುಗಣ್ಣುಗಳ ಗುಂಪೆಂದೂ ತಿಳಿಯುವುದು. ಕಣ್ಣೊಂದಕ್ಕೆ ಸುಮಾರು ೮೦೦ ಕಿರುಗಣ್ಣುಗಳು; ಕಿರುಗಣ್ಣೊಂದಕ್ಕೆ ಬೆಳಕನ್ನು ಗ್ರಹಿಸುವ ಜೀವಕೋಶಗಳು ಎಂಟು. ಏಳೂ ಅಲ್ಲ, ಒಂಬತ್ತೂ ಅಲ್ಲ, ಎಂಟೇ.

ಈ ಎಂಟು ಕೋಶಗಳು ಒಂದೇ ತಾಯಿಕೋಶದಿಂದ ಹುಟ್ಟಿದ ಒಡಹುಟ್ಟುಗಳಲ್ಲ. ಮರಿಹುಳುವಿನ ದೇಹದಲ್ಲಿ ಕಣ್ಣಾಗಬೇಕಾದ ಹಾಳೆಯೊಂದರಲ್ಲಿ ಎಲ್ಲ ಕೋಶಗಳೂ ಒಂದೇ ಬಗೆಯಾಗಿ ಕುಳಿತಿರುತ್ತವೆ. ಮೊದಲು ಅವುಗಳಲ್ಲೊಂದು ಬೆಳಕಿನ ಕೋಶವಾಗಲು ನಿಶ್ಚಯಿಸಲ್ಪಡುವುದು. ಅದು ತನ್ನ ನೆರೆಯವರಿಗೆ ಒಂದು ಸಂದೇಶವನ್ನು ಕಳುಹಿಸುವುದು. ಸಂದೇಶ ಮುಟ್ಟಿದ ಇಬ್ಬರು ಅದರ ಪಕ್ಕಕ್ಕೆ ಸೇರಿಕೊಳ್ಳುವರು; ಆಮೇಲೆ ಮತ್ತಿಬ್ಬರು; ಆಮೇಲೆ ಇನ್ನಿಬ್ಬರು; ಕಟ್ಟಕಡೆಗೆ ಎಂಟನೆಯವನು. ಮೊದಲನೆಯ ಕೋಶ ತನ್ನ ಸಂದೇಶವನ್ನು ಹೇಗೆ ಕಳುಹಿಸುತ್ತದೆ ಎಂಬುದನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಒಂದು ಕತ್ತರಿ. ಅದೂ, ಕತ್ತರಿ ಇರಲು ಸಾಧ್ಯವೇ ಇಲ್ಲವೆಂದು ಎಲ್ಲರೂ ಭಾವಿಸಿದ್ದ ಜಾಗದಲ್ಲಿ.

ಭೌತಶಾಸ್ತ್ರದ ಅಧ್ಯಾಪಕನಿಗೆ ಈ ವಿಷಯದಲ್ಲೇನು ಕೆಲಸವೆಂದು ನಮ್ಮ ಕಾಲೇಜಿನ ಜೀವಶಾಸ್ತ್ರದ ಮಿತ್ರರೊಬ್ಬರು ನಗುತ್ತ ಕೇಳಿದರು. ನನ್ನನ್ನು ಇದರತ್ತ ಎಳೆದದ್ದು ಆ ಅಸಾಧ್ಯವಾದ ಜಾಗವೇ. ಅದು ಎಣ್ಣೆ ಮತ್ತು ನೀರಿನ ಸಮಸ್ಯೆ. ಅಷ್ಟರಮಟ್ಟಿಗೆ ಅದು ನಮ್ಮ ವಿಷಯವೂ ಹೌದು.

ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ೨೦ ಬಗೆಯ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ. ಎರಡು ಮಣಿಗಳ ನಡುವಣ ಕೊಂಡಿ ಬಹಳ ಗಟ್ಟಿಯಾದದ್ದು. ಅದನ್ನು ಬಿಡಿಸಬೇಕಾದರೆ ನೀರಿನ ಒಂದು ಅಣು ನಡುವೆ ಬಂದು, ತಾನೇ ಎರಡಾಗಿ ಒಡೆದು, ಕೊಂಡಿಯ ಎರಡು ತುದಿಗಳಿಗೂ ತನ್ನ ಒಂದೊಂದು ತುಂಡನ್ನು ಕೊಡಬೇಕು. ಇದಕ್ಕೆ ಜಲವಿಚ್ಛೇದನವೆಂದು ಹೆಸರು. ಶುದ್ಧ ನೀರಿನಲ್ಲಿ, ಸಾಧಾರಣ ಉಷ್ಣತೆಯಲ್ಲಿ, ತನ್ನಷ್ಟಕ್ಕೆ ಬಿಟ್ಟರೆ ಇಂಥ ಕೊಂಡಿಗಳಲ್ಲಿ ಅರ್ಧದಷ್ಟು ಬಿಚ್ಚಿಕೊಳ್ಳಲು ನೂರಾರು ವರ್ಷಗಳು ಬೇಕು. ಆದರೆ ನಾವು ಮಧ್ಯಾಹ್ನ ತಿಂದ ತೊಗರಿಬೇಳೆಯ ಪ್ರೋಟೀನು ರಾತ್ರಿಯ ಊಟದ ಹೊತ್ತಿಗೆ ಬಿಡಿ ಮಣಿಗಳಾಗಿರುತ್ತದೆ. ಈ ಕೆಲಸವನ್ನು ತ್ವರಿತಗೊಳಿಸುವ ಕಿಣ್ವಗಳಲ್ಲಿ ಮೊದಲನೆಯದನ್ನು, ಅಂದರೆ ಜಠರದ ಪೆಪ್ಸಿನನ್ನು, ಥಿಯೋಡರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿ ೧೮೩೬ರಲ್ಲಿಯೇ ಗುರುತಿಸಿ ಹೆಸರಿಟ್ಟನು. ಅಂದಿನಿಂದ ಬಹುಕಾಲ ಪ್ರೋಟೀನನ್ನು ಕತ್ತರಿಸುವ ಕಿಣ್ವವೆಂದರೆ ಪಚನದ ಕಿಣ್ವವೆಂದೇ, ಅಂದರೆ ಹಾಳುಗೆಡವುವ ಕಿಣ್ವವೆಂದೇ, ವಿದ್ಯಾರ್ಥಿಗಳು ಕಲಿತರು. ನಾನೂ ಹಾಗೆಯೇ ಕಲಿತೆನು.

ಆದರೆ ಕತ್ತರಿಸುವುದೆಲ್ಲ ಹಾಳುಗೆಡಹುವುದಲ್ಲ. ಲಕೋಟೆಯ ಅಂಚನ್ನು ಕತ್ತರಿಸುವವನು ಕಾಗದವನ್ನು ಓದುವುದಕ್ಕಾಗಿ ಕತ್ತರಿಸುತ್ತಾನೆ. ಹಗ್ಗವನ್ನು ಕಡಿದು ಕರುವನ್ನು ಬಿಡುವುದುಂಟು. ಜೀವಕೋಶದಲ್ಲಿಯೂ ಒಂದು ಉದ್ದ ಸರದ ಒಂದೇ ಒಂದು ಕೊಂಡಿಯನ್ನು, ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿನಲ್ಲಿ ಕಡಿದು ಉಳಿದದ್ದನ್ನು ಹಾಗೆಯೇ ಬಿಡುವ ಕಿಣ್ವಗಳಿವೆ. ಇಂಥ ಕಡಿತದ ಒಂದು ವಿಶೇಷವೆಂದರೆ ಅದನ್ನು ಹಿಂದಕ್ಕೆ ತಿರುಗಿಸಲಾಗುವುದಿಲ್ಲ. ಕೋಶವು ತನ್ನ ಇತರ ಆಜ್ಞೆಗಳಲ್ಲಿ ಅನೇಕವನ್ನು, ದೀಪದ ಗುಂಡಿಯನ್ನು ಒತ್ತಿ ಮತ್ತೆ ಎತ್ತುವಂತೆ, ಹಿಂತೆಗೆದುಕೊಳ್ಳಬಲ್ಲದು. ಕಡಿದ ಪ್ರೋಟೀನನ್ನು ಮತ್ತೆ ಬೆಸೆಯುವ ಉಪಾಯ ಇಲ್ಲಿಲ್ಲ. ಈ ಕೋಶ ಕಣ್ಣಾಗಬೇಕೋ ಚರ್ಮವಾಗಬೇಕೋ ಎಂಬಂಥ ತೀರ್ಮಾನಗಳಲ್ಲಿ, ಒಮ್ಮೆ ಆದದ್ದು ಆಗಿಹೋಗಬೇಕಾದ ಕಡೆಗಳಲ್ಲಿ, ಇಂಥ ಕತ್ತರಿಗಳು ಮತ್ತೆ ಮತ್ತೆ ಕಾಣಸಿಗುವುದು ಸಹಜವೇ ಆಗಿದೆ.

ಇನ್ನು ಆ ಜಾಗದ ವಿಚಾರ. ಪ್ರತಿಯೊಂದು ಜೀವಕೋಶವನ್ನೂ ಮೇದಸ್ಸಿನ ಅಣುಗಳ ಎರಡು ಪದರಗಳಿಂದಾದ ಪೊರೆಯೊಂದು ಸುತ್ತಿಕೊಂಡಿದೆ. ಅದರ ದಪ್ಪ ಸುಮಾರು ೪ ನ್ಯಾನೊಮೀಟರು. ಇಂಥ ಎರಡೂವರೆ ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರಾದೀತು. ಪೊರೆಯ ಎರಡು ಮುಖಗಳೂ ನೀರನ್ನು ಒಲಿಯುವಂಥವು; ನಡುವಣ ೩ ನ್ಯಾನೊಮೀಟರು ಮಾತ್ರ ಎಣ್ಣೆಯೇ ಸರಿ, ನೀರನ್ನು ದೂರವಿಡುವುದು. ಅನೇಕ ಪ್ರೋಟೀನುಗಳು ಈ ಪೊರೆಯನ್ನು ಸೂಜಿಯಂತೆ ಚುಚ್ಚಿ ನಿಂತಿರುತ್ತವೆ. ಚುಚ್ಚಿರುವ ಭಾಗ ಸಾಮಾನ್ಯವಾಗಿ ೨೦ ಮಣಿಗಳಷ್ಟು ಉದ್ದವಾಗಿದ್ದು ಸುರುಳಿ ಸುತ್ತಿಕೊಂಡಿರುವುದು. ಸುರುಳಿಯಲ್ಲಿ ಮಣಿಯೊಂದಕ್ಕೆ ೦.೧೫ ನ್ಯಾನೊಮೀಟರಿನ ಏರಿಕೆ; ಇಪ್ಪತ್ತರಿಂದ ಗುಣಿಸಿದರೆ ೩ ನ್ಯಾನೊಮೀಟರು. ಎಣ್ಣೆಯ ದಪ್ಪಕ್ಕೆ ಲೆಕ್ಕ ಸರಿಹೋಯಿತು! ಇಷ್ಟು ಚೊಕ್ಕವಾಗಿ ಕೂಡಿಬರುವ ಗುಣಾಕಾರ ನಮ್ಮ ಪ್ರಯೋಗಶಾಲೆಯಲ್ಲಿಯೂ ಅಪರೂಪ.

ನೆರೆಯ ಕೋಶಕ್ಕೆ ಹೋಗಬೇಕಾದ ಸಂದೇಶವನ್ನೂ ಕೋಶಗಳು ಹಲವು ವೇಳೆ ಹೀಗೆ ಪೊರೆಗೆ ಹೊಲಿದೇ ತಯಾರಿಸುತ್ತವೆ. ಬರೆದ ಕಾಗದ ಮೇಜಿಗೆ ಅಂಟಿಕೊಂಡಿದೆ. ಕತ್ತರಿಸಿದ ಹೊರತು ಅದು ಅಂಚೆಗೆ ಬೀಳುವಂತಿಲ್ಲ. ಆದುದರಿಂದ ಕಾಗದ ಯಾವಾಗ ಹೊರಡಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ಬರೆದವನಿಗಿಂತ ಹೆಚ್ಚಾಗಿ ಕತ್ತರಿಯವನ ಕೈಯಲ್ಲಿರುತ್ತದೆ.

ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಎಂಬ ಇಬ್ಬರು ವಿಜ್ಞಾನಿಗಳು ಹಣ್ಣುನೊಣದ ಭ್ರೂಣಗಳನ್ನು ಸಾವಿರಗಟ್ಟಲೆ ಪರೀಕ್ಷಿಸಿ, ಯಾವ ಜೀನು ಕೆಟ್ಟರೆ ದೇಹದ ಯಾವ ಭಾಗ ಕೆಡುವುದೆಂದು ಪಟ್ಟಿಮಾಡಿದರು. ಆ ಶೋಧನೆಯ ಮೊದಲ ದೊಡ್ಡ ವರದಿ ೧೯೮೦ರಲ್ಲಿ ಪ್ರಕಟವಾಯಿತು. ೧೯೯೫ರಲ್ಲಿ ಅವರಿಬ್ಬರಿಗೂ, ಅಮೆರಿಕದ ಎಡ್ವರ್ಡ್ ಲೂಯಿಸ್ ಅವರಿಗೂ ಸೇರಿ ನೊಬೆಲ್ ಬಹುಮಾನ ಸಂದಿತು. ಜೀನು ಏನು ಮಾಡುತ್ತದೆಂಬುದು ಇನ್ನೂ ತಿಳಿಯದಿದ್ದುದರಿಂದ, ಅದು ಕೆಟ್ಟಾಗ ಮರಿಹುಳು ಹೇಗೆ ಕಾಣುತ್ತದೆಂಬುದನ್ನು ನೋಡಿಯೇ ಹೆಸರಿಡುವುದು ಅಲ್ಲಿಯ ರೂಢಿ. ಒಂದು ಜೀನು ಕೆಟ್ಟ ಮರಿಹುಳುವಿನ ತಲೆಯ ಗಟ್ಟಿಭಾಗ ಓರೆಯಾದ ಚತುರ್ಭುಜದಂತೆ ಕಂಡಿತು. ಅದಕ್ಕೆ ‘ರಾಂಬಾಯ್ಡ್’ ಎಂದು ರೇಖಾಗಣಿತದ ಹೆಸರೇ ಬಂದಿತು. ಇನ್ನೊಂದು ‘ಸ್ಪಿಟ್ಸ್’, ಅಂದರೆ ಜರ್ಮನ್ ಭಾಷೆಯಲ್ಲಿ ಮೊನಚು. ರಾಂಬಾಯ್ಡ್ ಇಲ್ಲದ ಮರಿಹುಳುವಿಗೂ ಸ್ಪಿಟ್ಸ್ ಇಲ್ಲದ ಮರಿಹುಳುವಿಗೂ ಬಹಳ ಹೋಲಿಕೆ ಇದ್ದಿತು. ಬೇರೆಬೇರೆ ಇಬ್ಬರು ಗೈರುಹಾಜರಾದಾಗ ಒಂದೇ ಕೆಲಸ ನಿಂತರೆ, ಅವರಿಬ್ಬರೂ ಆ ಒಂದು ಕೆಲಸದಲ್ಲಿ ಜೊತೆಗಾರರೆಂದು ಯಾರಾದರೂ ಊಹಿಸಬಹುದು.

ಸ್ಪಿಟ್ಸ್ ಏನೆಂಬುದು ಬೇಗ ತಿಳಿಯಿತು. ಅದೇ ಕಾಗದ, ಪೊರೆಗೆ ಹೊಲಿದ ಸಂದೇಶ. ರಾಂಬಾಯ್ಡ್ ಮಾತ್ರ ಒಗಟಾಗಿ ಉಳಿಯಿತು. ಅದರ ಪ್ರೋಟೀನು ಪೊರೆಯನ್ನು ಒಂದಲ್ಲ ಎರಡಲ್ಲ, ಏಳು ಸಲ ಹಾದುಹೋಗುವುದು. ಹೆಚ್ಚುಕಡಿಮೆ ಪೂರ್ತಿಯಾಗಿ ಎಣ್ಣೆಯಲ್ಲಿಯೇ ಮುಳುಗಿರುವುದು. ಆಗ ತಿಳಿದಿದ್ದ ಯಾವ ಕಿಣ್ವಕ್ಕೂ ಅದು ಹೋಲುತ್ತಿರಲಿಲ್ಲ. ಆದರೆ ಅದರ ಪರಿಣಾಮ ಎದ್ದು ಕಾಣುತ್ತಿತ್ತು: ರೆಕ್ಕೆಯಲ್ಲಿ ರಾಂಬಾಯ್ಡ್ ಕಡಿಮೆಯಾದರೆ ನೊಣದ ರೆಕ್ಕೆಯ ನರಗೆರೆಗಳು ಮಾಯವಾಗುವುವು, ಹೆಚ್ಚಾದರೆ ಬೇಡದ ಕಡೆಯಲ್ಲೆಲ್ಲ ಗೆರೆಗಳು ಮೂಡುವುವು. ಸ್ಪಿಟ್ಸ್ ಕೋಶಗಳಲ್ಲಿ ಎಲ್ಲೆಲ್ಲೂ ಇರುವುದು. ರಾಂಬಾಯ್ಡ್ ಮಾತ್ರ ಗೊತ್ತಾದ ಕೋಶಗಳಲ್ಲಿ, ಗೊತ್ತಾದ ಕಾಲದಲ್ಲಿ ಕಾಣಿಸಿಕೊಳ್ಳುವುದು.

೨೦೦೧ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮ್ಯಾಥ್ಯೂ ಫ್ರೀಮನ್ ಮತ್ತು ಅವರ ಸಂಗಡಿಗರು ಈ ಒಗಟನ್ನು ಬಿಡಿಸಿದರು. ನೊಣವನ್ನು ಬದಿಗಿಟ್ಟು, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಸಸ್ತನಿಯ ಕೋಶಗಳೊಳಕ್ಕೆ ಸ್ಪಿಟ್ಸನ್ನೂ ರಾಂಬಾಯ್ಡನ್ನೂ ಒಟ್ಟಿಗೆ ಸೇರಿಸಿದಾಗ ಸ್ಪಿಟ್ಸ್ ಕಡಿದು ಹೊರಬಿದ್ದಿತು. ಅನಂತರ ರಾಂಬಾಯ್ಡಿನ ಮಣಿಗಳನ್ನು ಒಂದೊಂದಾಗಿ ಬದಲಿಸಿ ನೋಡಿದರು. ಸೆರೀನ್ ಎಂಬ ಒಂದು ಮಣಿಯನ್ನು ಬದಲಿಸಿದೊಡನೆ ಕಡಿತ ನಿಂತಿತು. ಜಠರದಿಂದ ಮುಂದೆ ಸಣ್ಣ ಕರುಳಿನಲ್ಲಿ ಕೆಲಸಮಾಡುವ ಟ್ರಿಪ್ಸಿನ್ ಕಿಣ್ವದ ಅಲಗೂ ಇದೇ ಸೆರೀನ್. ರಾಂಬಾಯ್ಡೇ ಕತ್ತರಿ! ಸ್ಟಾರ್ ಎಂಬ ಮೂರನೆಯ ಪ್ರೋಟೀನು ಸ್ಪಿಟ್ಸನ್ನು ಅದು ತಯಾರಾದ ಜಾಗದಿಂದ ಕತ್ತರಿಯಿರುವ ಒಳಪೊರೆಗಳ ತನಕ ಸಾಗಿಸುವುದೆಂಬುದೂ ಅದೇ ವರ್ಷ ತಿಳಿಯಿತು. ಕಡಿದು ಬಿಡುಗಡೆಯಾದ ಸ್ಪಿಟ್ಸ್ ಹೊರಗೆ ಬಂದು, ಪಕ್ಕದ ಕೋಶದ ಮೇಲಿನ ಗ್ರಾಹಕವನ್ನು ಕೂಡಿಕೊಂಡು, ನೀನೂ ಕಣ್ಣಾಗು ಎಂದು ಹೇಳುವುದು.

ಇಲ್ಲಿ ನನ್ನಂಥವನು ಎದ್ದುನಿಂತು ಒಂದು ಆಕ್ಷೇಪಣೆ ಎತ್ತಬೇಕು. ಕೊಂಡಿಯನ್ನು ಕಡಿಯಲು ನೀರು ಬೇಕೆಂದು ಮೇಲೆ ಹೇಳಿದೆ. ಎಣ್ಣೆಯ ನಡುವೆ ನೀರೆಲ್ಲಿಂದ ಬರಬೇಕು? ಸಾಲದುದಕ್ಕೆ, ಪೊರೆಯೊಳಗಿನ ಪ್ರೋಟೀನು ಸುರುಳಿಯಾಗಿರುವುದರಿಂದ ಅದರ ಕೊಂಡಿಗಳು ಮಡಿಕೆಗಳಲ್ಲಿ ಅಡಗಿಕೊಂಡು, ಕತ್ತರಿಯ ಬಾಯಿಗೆ ಸಿಗುವಂತಿರುವುದಿಲ್ಲ. ೧೯೯೭ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬುವರ ಪ್ರಯೋಗಶಾಲೆಯಿಂದ, ಕೊಲೆಸ್ಟರಾಲಿನ ನಿಯಂತ್ರಣಕ್ಕೆ ಸಂಬಂಧಿಸಿದಂತೆ, ಪೊರೆಯೊಳಗೇ ಕತ್ತರಿಸುವ ಮೊದಲನೆಯ ಕಿಣ್ವದ ವರದಿ ಬಂದಿದ್ದಿತು. ಆದರೂ ರಸಾಯನಶಾಸ್ತ್ರಜ್ಞರ ಅನುಮಾನ ಪೂರ್ತಿಯಾಗಿ ತೊಲಗಿರಲಿಲ್ಲ. ಅನುಮಾನ ಪಟ್ಟವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಎಣ್ಣೆಯಲ್ಲಿ ನೀರು ಇರುವುದಿಲ್ಲವೆಂಬುದು ಒಳ್ಳೆಯ ನಿಯಮವೇ.

ಉತ್ತರ ೨೦೦೬ರಲ್ಲಿ ದೊರೆಯಿತು. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲಿ ಬ್ಯಾಕ್ಟೀರಿಯಕ್ಕೂ ಒಂದು ರಾಂಬಾಯ್ಡ್ ಉಂಟು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಯಾ ಹಾ ಮತ್ತು ಸಂಗಡಿಗರು ಅದನ್ನು ಹರಳುಗಟ್ಟಿಸಿ, ಕ್ಷಕಿರಣಗಳನ್ನು ಹಾಯಿಸಿ, ಅದರ ಪರಮಾಣುಗಳ ಸ್ಥಾನಗಳನ್ನು ಕಂಡುಹಿಡಿದರು. ಅದರ ಸುರುಳಿಗಳು ಬಾವಿಯ ಸುತ್ತುಗೋಡೆಯ ಕಲ್ಲುಗಳಂತೆ ವೃತ್ತಾಕಾರವಾಗಿ ನಿಂತಿವೆ. ನಡುವೆ ಹೊರಗಡೆಗೆ ಬಾಯಿ ತೆರೆದ ಒಂದು ಕುಳಿ, ಕುಳಿಯಲ್ಲಿ ನೀರು, ಅದರ ತಳದಲ್ಲಿ, ಪೊರೆಯ ಮುಖದಿಂದ ಸುಮಾರು ಒಂದು ನ್ಯಾನೊಮೀಟರು ಆಳದಲ್ಲಿ, ಸೆರೀನ್. ನಿಯಮ ಮುರಿಯಲಿಲ್ಲ. ಕಿಣ್ವವು ಎಣ್ಣೆಯಲ್ಲಿ ಒಂದು ಬಾವಿ ತೋಡಿಕೊಂಡು ತನ್ನ ನೀರನ್ನು ತಾನೇ ಇಟ್ಟುಕೊಂಡಿದೆ, ಅಷ್ಟೆ. ಸಾಮಾನ್ಯವಾಗಿ ಸುರುಳಿ ಸಡಿಲಗೊಂಡು ಬಿಚ್ಚಿಕೊಳ್ಳಬಲ್ಲ ಪ್ರೋಟೀನುಗಳು ಮಾತ್ರ ಈ ಬಾವಿಯ ಬಳಿ ಬಂದು ಕಡಿತಕ್ಕೆ ಸಿಕ್ಕುತ್ತವೆ. ಕೆಲಸವೂ ಬಹಳ ನಿಧಾನ. ಜಠರದ ಕಿಣ್ವ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸುವ ಕಡಿತಕ್ಕೆ ರಾಂಬಾಯ್ಡ್ ನಿಮಿಷಗಳನ್ನೇ ತೆಗೆದುಕೊಳ್ಳುವುದು. ಕತ್ತರಿಸಬೇಕಾದದ್ದನ್ನು ಆರಿಸುವುದರಲ್ಲಿಯೇ ಅದರ ಜಾಣ್ಮೆ ಇರುವುದರಿಂದ ವೇಗ ಅದಕ್ಕೆ ಬೇಕಿಲ್ಲ.

ಬ್ಯಾಕ್ಟೀರಿಯದ ಮಾತು ಬಂದುದರಿಂದ ಒಂದು ಸಂಗತಿ. ಪ್ರಾವಿಡೆನ್ಸಿಯ ಎಂಬ ಬ್ಯಾಕ್ಟೀರಿಯದಲ್ಲಿಯೂ ಇಂಥ ಕಿಣ್ವವಿದೆ. ಅದರ ಕಿಣ್ವವನ್ನು ನೊಣದ ರೆಕ್ಕೆಯಲ್ಲಿ ಇಟ್ಟರೆ ಅದು ರಾಂಬಾಯ್ಡಿನಂತೆ ವರ್ತಿಸಿತು. ನೊಣದ ರಾಂಬಾಯ್ಡನ್ನು ಆ ಬ್ಯಾಕ್ಟೀರಿಯಕ್ಕೆ ಕೊಟ್ಟರೆ ಅಲ್ಲಿ ಕಳೆದುಹೋಗಿದ್ದ ಕೆಲಸ ಮತ್ತೆ ನಡೆಯಿತು. ೨೦೦೨ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ದಿನ ನಾನು ಬೇರೇನನ್ನೂ ಓದಲಿಲ್ಲ.

ನೊಣದಿಂದ ಇಲಿಯ ಕಣ್ಣಿಗೆ ಬರೋಣ. ಇಲಿಮರಿ ಹುಟ್ಟುವಾಗ ಅದರ ರೆಪ್ಪೆಗಳು ಅಂಟಿಕೊಂಡಿರುತ್ತವೆ. ತೆರೆಯಲು ಸುಮಾರು ಎರಡು ವಾರ ಬೇಕು. ಸ್ಟಾನ್ಲಿ ಕೋಹೆನ್ ಎಂಬ ಅಮೆರಿಕದ ಜೀವರಸಾಯನಶಾಸ್ತ್ರಜ್ಞರು ಜೊಲ್ಲುಗ್ರಂಥಿಯ ಸಾರವನ್ನು ಎಳೆಯ ಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣು ಸುಮಾರು ಒಂದೇ ವಾರಕ್ಕೆ ತೆರೆದುವು. ಆ ಸಾರದಿಂದ ಅವರು ೧೯೬೨ರಲ್ಲಿ ಬೇರ್ಪಡಿಸಿ ವರದಿಮಾಡಿದ ಪ್ರೋಟೀನು ಚರ್ಮಕೋಶಗಳನ್ನು ಬೆಳೆಸುವಂಥದು. ಅದಕ್ಕಾಗಿ ೧೯೮೬ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ದೊರೆಯಿತು. ನೊಣದ ಸ್ಪಿಟ್ಸ್ ಇದೇ ಮನೆತನಕ್ಕೆ ಸೇರಿದ್ದು. ಈ ಮನೆತನದ ಸಂದೇಶಗಳೆಲ್ಲ ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಪೊರೆಗೆ ಹೊಲಿದೇ ತಯಾರಾಗುತ್ತವೆ. ಆದರೆ ಅವುಗಳನ್ನು ಮುಖ್ಯವಾಗಿ ಕತ್ತರಿಸುವುದು ಬೇರೊಂದು ಜಾತಿಯ ಕತ್ತರಿ. ‘ಆಡಮ್’ ಕುಟುಂಬವೆಂದು ಅದರ ಹೆಸರು. ಅದರಲ್ಲಿ ೧೭ನೆಯದು ೧೯೯೭ರಲ್ಲಿ ಗೊತ್ತಾಯಿತು. ಇದು ಪೊರೆಯಲ್ಲಿ ಕಾಲೂರಿ ನಿಂತು, ಪೊರೆಯ ಹೊರಗಡೆ, ನೀರಿನಲ್ಲಿಯೇ ಕತ್ತರಿಸುವುದು. ಇದರ ಅಲಗಿನಲ್ಲಿರುವುದು ಸತುವಿನ ಒಂದು ಪರಮಾಣು. ೧೯೯೮ರಲ್ಲಿ ಈ ಕತ್ತರಿಯ ಅಲಗು ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮರಿಗಳು ಕಣ್ಣು ತೆರೆದುಕೊಂಡೇ ಹುಟ್ಟಿದುವು! ಕೋಹೆನ್ನರ ಮರಿಗಳಲ್ಲಿ ಸಂದೇಶ ಹೆಚ್ಚಾಗಿ ಕಣ್ಣು ಬೇಗ ತೆರೆಯಿತು. ಇಲ್ಲಿ ಸಂದೇಶ ಹೊರಡದೆ ಕಣ್ಣು ತೆರೆದಿದೆ. ಇದೇನು ವಿರೋಧ? ಗರ್ಭದಲ್ಲಿ ರೆಪ್ಪೆಗಳು ಬೆಳೆದು ಬಂದು ಒಂದನ್ನೊಂದು ಕೂಡಬೇಕಾದರೆ ಅದಕ್ಕೂ ಅದೇ ಬಗೆಯ ಸಂದೇಶ ಬೇಕು. ಅದು ಹೊರಡದಿದ್ದರೆ ರೆಪ್ಪೆ ಮುಚ್ಚುವುದೇ ಇಲ್ಲ. ಪಾಪ, ಆ ಮರಿಗಳಲ್ಲಿ ಬಹುಪಾಲು ಹುಟ್ಟಿದ ದಿನವನ್ನು ದಾಟಲಿಲ್ಲ. ಸಂದೇಶವನ್ನು ಬರೆಯುವ ಜೀನುಗಳೆಲ್ಲ ಅವುಗಳಲ್ಲಿ ಸರಿಯಾಗಿಯೇ ಇದ್ದುವು, ಕತ್ತರಿಯೊಂದೇ ಇರಲಿಲ್ಲ.

ರಾಂಬಾಯ್ಡಿನ ವಂಶದವರೂ ಇಲಿಯಲ್ಲಿ ಇಲ್ಲದೆ ಇಲ್ಲ. ಅವರಲ್ಲಿ ಕೆಲವರು ಅಲಗನ್ನು ಕಳೆದುಕೊಂಡು, ಏನನ್ನೂ ಕತ್ತರಿಸಲಾರದವರಾಗಿದ್ದಾರೆ. ಅಂಥವರಿಗೆ ಏನು ಕೆಲಸವೆಂಬುದು ೨೦೧೨ರಲ್ಲಿ ತಿಳಿಯಿತು: ಅವರು ಆಡಮ್ ೧೭ನ್ನು ಕೈಹಿಡಿದು ಕೋಶದ ಮೇಲ್ಮುಖದ ಕಡೆಗೆ ಕರೆದೊಯ್ಯುವರು. ಸ್ವತಃ ಕತ್ತಿ ಹಿಡಿಯಲಾರದ ಮುದುಕರು ಹುಡುಗರಿಗೆ ದಾರಿ ತೋರಿಸುವಂತಿದೆ ಇದು.

ಒಂದು ಕತ್ತರಿ ಸಾಲದೆ ಎರಡು ಕತ್ತರಿಗಳು ಸರದಿಯ ಮೇಲೆ ದುಡಿಯುವ ಸಂದರ್ಭವೂ ಉಂಟು. ೧೯೧೦ರ ದಶಕದಲ್ಲಿ ನ್ಯೂಯಾರ್ಕಿನ ಥಾಮಸ್ ಹಂಟ್ ಮಾರ್ಗನ್ನರ ಪ್ರಯೋಗಶಾಲೆಯಲ್ಲಿ ರೆಕ್ಕೆಯ ಅಂಚು ಕಚ್ಚುಕಚ್ಚಾಗಿರುವ ಹಣ್ಣುನೊಣಗಳು ಕಂಡುಬಂದುವು. ಅದಕ್ಕೆ ಕಾರಣವಾದ ಜೀನಿಗೆ ‘ನಾಚ್’, ಅಂದರೆ ಕಚ್ಚು, ಎಂದೇ ಹೆಸರಾಯಿತು. ಈ ಜೀನು ಪೂರ್ತಿಯಾಗಿ ಇಲ್ಲದಿದ್ದರೆ, ಚರ್ಮವಾಗಬೇಕಾದ ಕೋಶಗಳೂ ನರಕೋಶಗಳಾಗಿ ಭ್ರೂಣ ಸಾಯುವುದು. ನಾಚ್ ಪ್ರೋಟೀನು ಸಂದೇಶವಲ್ಲ, ಗ್ರಾಹಕ. ನೆರೆಯ ಕೋಶವೊಂದು ತನ್ನ ಪೊರೆಯಲ್ಲಿರುವ ಪ್ರೋಟೀನಿನಿಂದ ಇದರ ಹೊರತುದಿಯನ್ನು ಹಿಡಿದು ಎಳೆಯುವುದು, ಅಕ್ಷರಶಃ ಎಳೆಯುವುದು. ಅಳೆದವರ ಪ್ರಕಾರ ಈ ಎಳೆತ ಕೆಲವು ಪಿಕೊನ್ಯೂಟನ್ನುಗಳಷ್ಟು. ಒಂದು ಕೆಂಪು ರಕ್ತಕಣದ ರಾಶಿ ಸುಮಾರು ಒಂದು ಗ್ರಾಮಿನ ಸಾವಿರ ಕೋಟಿಯ ಒಂದು ಪಾಲು. ಅದರ ತೂಕವನ್ನು ನೀವೇ ಲೆಕ್ಕಹಾಕಿದರೆ ಹೆಚ್ಚುಕಡಿಮೆ ಒಂದು ಪಿಕೊನ್ಯೂಟನ್ ಬರುವುದು. ಹಾಗಾದರೆ ನಾಲ್ಕೈದು ರಕ್ತಕಣಗಳನ್ನು ತೂಗುಹಾಕಿದಷ್ಟು ಎಳೆತಕ್ಕೆ ನಾಚ್ ಪ್ರೋಟೀನಿನ ಮಡಿಕೆಯೊಂದು ಬಿಚ್ಚಿ, ಒಳಗೆ ಅಡಗಿದ್ದ ಕೊಂಡಿ ಹೊರಬೀಳುವುದು. ಕೂಡಲೇ ಆಡಮ್ ಕುಟುಂಬದ ೧೦ನೆಯ ಕತ್ತರಿ ಅದನ್ನು ಪೊರೆಯ ಹೊರಗಡೆ ಕಡಿಯುವುದು. ಉಳಿದ ಮೋಟನ್ನು ಗಾಮಾ ಸಿಕ್ರಿಟೇಸ್ ಎಂಬ ಎರಡನೆಯ ಕತ್ತರಿ ಪೊರೆಯ ಒಳಗೇ ಕಡಿಯುವುದು. ಆಗ ಬಿಡುಗಡೆಯಾದ ಒಳತುದಿ ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಅಲ್ಲಿಯ ಜೀನುಗಳಿಗೆ ಆಜ್ಞೆಮಾಡುವುದು.

ಈ ಎರಡನೆಯ ಕತ್ತರಿಯ ಅಲಗು ಪ್ರೆಸೆನಿಲಿನ್ ಎಂಬ ಪ್ರೋಟೀನಿನಲ್ಲಿದೆ. ಆದರೆ ಅದರ ಜೀನು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಭ್ರೂಣದಲ್ಲಿ ಅಲ್ಲ, ಮರೆವಿನ ರೋಗಿಗಳಲ್ಲಿ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಜೈಮರ್ ೧೯೦೬ರಲ್ಲಿ ವರ್ಣಿಸಿದ ರೋಗದಲ್ಲಿ ಮಿದುಳಿನ ತುಂಬ ಒಂದು ಬಗೆಯ ಪ್ರೋಟೀನಿನ ಚೂರುಗಳು ಗಡ್ಡೆಕಟ್ಟಿರುತ್ತವೆ. ಕೆಲವು ಕುಟುಂಬಗಳಲ್ಲಿ ಈ ರೋಗ ನಡುವಯಸ್ಸಿನಲ್ಲಿಯೇ, ತಲೆಮಾರಿನಿಂದ ತಲೆಮಾರಿಗೆ ಬರುವುದು. ಅಂಥ ಕುಟುಂಬಗಳಲ್ಲಿ ಕೆಟ್ಟಿರುವ ಜೀನನ್ನು ಹುಡುಕಿದವರಿಗೆ ೧೯೯೫ರಲ್ಲಿ ಪ್ರೆಸೆನಿಲಿನ್ ದೊರೆಯಿತು. ಮಿದುಳಿನ ಆ ಚೂರುಗಳನ್ನು ಕಡೆಯ ಸಲ ಕತ್ತರಿಸಿ ಬಿಡುವ ಅಲಗು ಇದೇ ಎಂದೂ, ನಾಚ್ ಪ್ರೋಟೀನನ್ನು ಬಿಡುಗಡೆಮಾಡುವುದಕ್ಕೂ ಇದೇ ಬೇಕೆಂದೂ ೧೯೯೯ರಲ್ಲಿ ಒಂದೇ ವರ್ಷದೊಳಗೆ ತಿಳಿದುಬಂದಿತು.

ಎರಡನೆಯ ಮಾತನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆ ಚೆನ್ನಾಗಿರುತ್ತಿತ್ತೆಂದು ನನಗೆ ಅನಿಸುತ್ತದೆ. ಕತ್ತರಿಯನ್ನು ತಡೆದರೆ ಚೂರು ಹುಟ್ಟುವುದಿಲ್ಲ, ಚೂರು ಹುಟ್ಟದಿದ್ದರೆ ರೋಗ ನಿಲ್ಲುವುದು ಎಂಬ ತರ್ಕ ಕೇಳುವುದಕ್ಕೆ ಸರಳವಾಗಿತ್ತು. ಸೆಮಾಗಾಸೆಸ್ಟಾಟ್ ಎಂಬ ತಡೆಮದ್ದನ್ನು ಎರಡು ದೊಡ್ಡ ಪರೀಕ್ಷೆಗಳಲ್ಲಿ ಪ್ರಯೋಗಿಸಿದರು. ಎರಡರಲ್ಲಿಯೂ ಸೇರಿ ರೋಗಿಗಳು ೨೬೦೦ಕ್ಕೂ ಹೆಚ್ಚು. ೨೦೧೦ರ ಆಗಸ್ಟಿನಲ್ಲಿ ಪರೀಕ್ಷೆಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮದ್ದು ತೆಗೆದುಕೊಂಡವರ ಬುದ್ಧಿಶಕ್ತಿ, ತೆಗೆದುಕೊಳ್ಳದವರದಕ್ಕಿಂತ ಹೆಚ್ಚು ಕುಂದಿತ್ತು. ಚರ್ಮದ ಕ್ಯಾನ್ಸರು ಅವರಲ್ಲಿ ಹೆಚ್ಚಾಗಿತ್ತು. ಬೆಳೆದ ಮನುಷ್ಯನ ಚರ್ಮದಲ್ಲಿ ನಾಚ್ ಕೋಶಗಳ ಬೆಳವಣಿಗೆಗೆ ಒಂದು ಕಡಿವಾಣ. ಕತ್ತರಿ ನಿಂತರೆ ಕಡಿವಾಣವೂ ಸಡಿಲವಾಗುವುದು. ಈ ಒಂದು ಕತ್ತರಿ ನೂರಕ್ಕೂ ಹೆಚ್ಚು ಬೇರೆಬೇರೆ ಪ್ರೋಟೀನುಗಳನ್ನು ಕಡಿಯುತ್ತದೆ ಎಂದು ಈಗ ತಿಳಿದಿದೆ. ಅವುಗಳಲ್ಲೊಂದನ್ನು ಮಾತ್ರ ಬಿಟ್ಟುಬಿಡೆಂದು ಅದಕ್ಕೆ ಹೇಳುವ ಮದ್ದು ಅದಾಗಿರಲಿಲ್ಲ.

ಅದೇ ಅಲಗನ್ನು ತಡೆಯುವ ಇನ್ನೊಂದು ಮದ್ದಿಗೆ ೨೦೨೩ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಮರೆವಿಗಲ್ಲ, ಡೆಸ್ಮಾಯ್ಡ್ ಎಂಬ, ದೇಹದ ಬೇರೆಡೆಗೆ ಹರಡದಿದ್ದರೂ ಇದ್ದಲ್ಲಿಯೇ ಬೆಳೆದು ಪೀಡಿಸುವ ನಾರುಗಡ್ಡೆಗೆ. ಮದ್ದಿನ ಹೆಸರು ನಿರೋಗಾಸೆಸ್ಟಾಟ್. ಅದರಲ್ಲಿ ನಮ್ಮ ‘ನಿರೋಗ’ ಕೇಳಿಸುವುದು ಆಕಸ್ಮಿಕವಿರಬೇಕು. ಅದನ್ನು ತೆಗೆದುಕೊಂಡವರಲ್ಲಿ ಬಹುಮಂದಿಗೆ ಗಡ್ಡೆಯ ಬೆಳವಣಿಗೆ ಹಿಡಿತಕ್ಕೆ ಬಂದಿತು. ಬಹುಮಂದಿಗೆ ಅತಿಸಾರವೂ ಆಯಿತು. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತಿರುತ್ತವೆ. ಹುಟ್ಟಿದ ಕೋಶ ಆಹಾರವನ್ನು ಹೀರುವುದಾಗಬೇಕೋ, ಲೋಳೆಯನ್ನು ಸುರಿಸುವುದಾಗಬೇಕೋ ಎಂಬುದನ್ನು ಅಲ್ಲಿ ನಾಚ್ ನಿರ್ಧರಿಸುತ್ತದೆ. ಕತ್ತರಿಯನ್ನು ತಡೆದಾಗ ಲೋಳೆಯ ಕೋಶಗಳ ಸಂಖ್ಯೆ ಮಿತಿಮೀರುವುದು.